ಕುಲಕರಣಿಯ ವತನ, ತಲಾಠಿಯ ಪಗಾರ

ರಾಯಬಾಗ ತಾಲ್ಲೂಕಿನ ಮುಗಳಖೋಡ ಹೊರಗಿನವರಿಗೆ ಯಲ್ಲಾಲಿಂಗೇಶ್ವರ ಮಠದ ಊರು. ಅಲ್ಲಿಯ ರೈತನಿಗಾದರೋ ವರ್ಷದಲ್ಲಿ ಹಲವು ಸಲ ಲೆಕ್ಕ ಬರೆಯುವವರ ಎದುರು ನಿಲ್ಲುವ ಪ್ರಸಂಗ ಬರುತ್ತದೆ. ಹೊಲದ ಹೆಸರು ಬದಲಾಗಬೇಕಾದರೆ ತಲಾಠಿ, ಬೆಳೆಸಾಲಕ್ಕೆ ಸೊಸೈಟಿಯ ಕಾರ್ಯದರ್ಶಿ, ಮಾರಿದ ಮಾಲಿನ ಪಟ್ಟಿಗೆ ಅಡತಿ ಅಂಗಡಿಯ ದಿವಾಣಜಿ. ಮೂವರದೂ ಅಂಕಿಗಳ ಕೆಲಸವೇ. ಆದರೆ ಒಬ್ಬನಿಗೆ ಸರಕಾರದ ಪಗಾರ, ಇನ್ನೊಬ್ಬನಿಗೆ ಸಂಘದ ಪಗಾರ, ಮತ್ತೊಬ್ಬನಿಗೆ ಸಾವಕಾರನ ಪಗಾರ. ಇವರೊಡನೆ ಪಟ್ಟಣದ ಚಾರ್ಟರ್ಡ್ ಅಕೌಂಟೆಂಟನನ್ನೂ ಸೇರಿಸಿಕೊಂಡರೆ ಒಂದೇ ವಿದ್ಯೆಗೆ ನಾಲ್ಕು ಬೆಲೆ ಸಿಕ್ಕುವುದು ಕಾಣುತ್ತದೆ.

ಯಾವ ಲೆಕ್ಕಿಗನ ಗಳಿಕೆ ಹೆಚ್ಚು ಎಂಬ ಪ್ರಶ್ನೆ ಇಂದು ಕಾಲೇಜು ಮುಗಿಸಿದ ಹುಡುಗರನ್ನು ಕಾಡುವ ಪ್ರಶ್ನೆ. ತಿಂಗಳ ಸಂಬಳವನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ಉತ್ತರ ಸಿಕ್ಕೀತೆಂದು ತೋರುತ್ತದೆ. ಬೆಳಗಾವಿ ಸೀಮೆಯ ಇತಿಹಾಸ ನೋಡಿದರೆ ಅದು ಅಷ್ಟು ಸುಲಭವಲ್ಲ. ಇಲ್ಲಿ ಲೆಕ್ಕಿಗನಿಗೆ ಶತಮಾನಗಳ ಕಾಲ ಸಂಬಳವೇ ಇರಲಿಲ್ಲ. ಆದರೂ ಆತ ಊರಿನ ಸ್ಥಿತಿವಂತರಲ್ಲಿ ಒಬ್ಬನಾಗಿದ್ದ. ಮುಂದೆ ಸಂಬಳ ಬಂತು, ಸ್ಥಾನಮಾನ ಇಳಿಯಿತು. ಈ ಬದಲಾವಣೆ ಹೇಗಾಯಿತು, ಅದರ ಖರ್ಚನ್ನು ಯಾರು ಹೊತ್ತರು ಎಂಬುದು ತಿಳಿಯದೆ ಸಂಬಳಗಳ ಹೋಲಿಕೆ ಪೂರ್ತಿಯಾಗದು.

ಕೌಟಿಲ್ಯನ ವೇತನಪಟ್ಟಿ

ನಮ್ಮ ದೇಶದಲ್ಲಿ ಲೆಕ್ಕಿಗನ ಸಂಬಳವನ್ನು ಅಂಕಿಯಲ್ಲಿ ಹೇಳುವ ಅತಿ ಹಳೆಯ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಒಂದು. ಅದರ ಐದನೆಯ ಅಧಿಕರಣದಲ್ಲಿ ರಾಜಸೇವಕರ ವೇತನದ ಪಟ್ಟಿಯೇ ಇದೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ ಮೊದಲಾದವರಿಗೆ 48,000 ಪಣ. ಕಂದಾಯ ಸಂಗ್ರಹದ ಮುಖ್ಯಸ್ಥನಾದ ಸಮಾಹರ್ತೃವಿಗೂ ಬೊಕ್ಕಸದ ಅಧಿಕಾರಿಯಾದ ಸನ್ನಿಧಾತೃವಿಗೂ 24,000. ಲೆಕ್ಕ ಹಾಕುವವರು ಮತ್ತು ಬರೆಯುವವರಿಗೆ 500. ಕಟ್ಟಕಡೆಯ ಆಳುಗಳಿಗೆ 60. ಇದು ವರ್ಷದ ವೇತನವೋ ತಿಂಗಳದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯುಂಟು. ಹೇಗಿದ್ದರೂ ಅನುಪಾತ ಬದಲಾಗುವುದಿಲ್ಲ. ಮಂತ್ರಿಗೂ ಲೆಕ್ಕಿಗನಿಗೂ 96 ಪಟ್ಟು ಅಂತರ. ಮಂತ್ರಿಗೂ ಕೊನೆಯ ಆಳಿಗೂ 800 ಪಟ್ಟು.

ಇದೇ ಕೌಟಿಲ್ಯ ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸುತ್ತಾನೆ. ಬಂದುದನ್ನು ತಡವಾಗಿ ಬರೆಯುವುದು, ಒಬ್ಬನಿಂದ ಬಂದುದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ಕೊಡಬೇಕಾದುದನ್ನು ಕೊಡದೆ ಇರುವುದು, ಹೀಗೆ ಪಟ್ಟಿ ಸಾಗುತ್ತದೆ. ವರ್ಷಾಂತ್ಯಕ್ಕೆ ಆಷಾಢ ಹುಣ್ಣಿಮೆಯ ಹೊತ್ತಿಗೆ ಲೆಕ್ಕಿಗರು ಮುದ್ರೆ ಹಾಕಿದ ಪುಸ್ತಕಗಳೊಂದಿಗೆ ರಾಜಧಾನಿಗೆ ಬಂದು ಹಾಜರಾಗಬೇಕೆಂದೂ ಆತ ವಿಧಿಸುತ್ತಾನೆ. ಕಡಿಮೆ ಸಂಬಳ, ಬಿಗಿಯಾದ ತಪಾಸಣೆ, ಕಠಿಣ ಶಿಕ್ಷೆ ಎಂಬುದು ಅವನ ಕ್ರಮ. ರಾಜ್ಯದ ಆದಾಯದ ಕಾಲುಭಾಗದೊಳಗೆ ಎಲ್ಲ ಸೇವಕರ ವೇತನವೂ ಅಡಗಬೇಕೆಂಬ ನಿಯಮವಿದ್ದಾಗ ಕೆಳಗಿನವರಿಗೆ ಹೆಚ್ಚು ಕೊಡುವುದು ಸಾಧ್ಯವೂ ಇರಲಿಲ್ಲ.

ಕರ್ನಾಟಕದ ಅರಸರು ಬೇರೆ ದಾರಿ ಹಿಡಿದರು. ಶಾಸನಗಳಲ್ಲಿ ಕರಣ, ಶ್ರೀಕರಣ, ಸೇನಬೋವ ಎಂಬ ಹೆಸರುಗಳು ಹೇರಳವಾಗಿ ಬರುತ್ತವೆ. ಈ ಸೇನಬೋವನೇ ಮುಂದೆ ಹಳೇ ಮೈಸೂರಿನ ಶಾನುಭೋಗನಾದ. ಸವದತ್ತಿಯಿಂದಲೂ ಆಮೇಲೆ ಬೆಳಗಾವಿಯಿಂದಲೂ ಆಳಿದ ರಟ್ಟರ ಕಾಲದಲ್ಲಿ ಈ ಭಾಗವೆಲ್ಲ ಕೂಂಡಿ ಮೂರುಸಾವಿರ ಎನಿಸಿತ್ತು; ಇಂದಿನ ರಾಯಬಾಗ ಅಂದಿನ ಹೂವಿನಬಾಗೆ. ಆ ಕಾಲದಲ್ಲಿ ಊರಿನ ಲೆಕ್ಕ ಬರೆಯುವವನಿಗೆ ನಾಣ್ಯದ ಸಂಬಳಕ್ಕಿಂತ ಮಾನ್ಯ, ಉಂಬಳಿ ಎಂಬ ರೂಪದಲ್ಲಿ ಭೂಮಿ ಕೊಡುವುದೇ ವಾಡಿಕೆ. ನಾಣ್ಯ ವಿರಳವಾಗಿದ್ದು ಭೂಮಿ ಧಾರಾಳವಾಗಿದ್ದ ಕಾಲಕ್ಕೆ ಅದು ಸಹಜವೂ ಆಗಿತ್ತು.

ಅಥಣಿಗೆ ದೂರವಲ್ಲದ ಮಂಗಳವೇಢೆಯಲ್ಲಿ ಬಸವಣ್ಣನವರು ಕರಣಿಕರಾಗಿ ಕೆಲಸಕ್ಕೆ ಸೇರಿ ಮುಂದೆ ಬಿಜ್ಜಳನ ಭಂಡಾರಿಯಾದರೆಂದು ಕಾವ್ಯಪುರಾಣಗಳು ಹೇಳುತ್ತವೆ. ಭಂಡಾರದ ಹಣವನ್ನು ಜಂಗಮರಿಗೆ ಹಂಚಿದರೆಂಬ ಆರೋಪ ಬಂದಾಗ ಲೆಕ್ಕ ಎಣಿಸಿ ನೋಡಲಾಗಿ ಒಂದು ಕಾಸೂ ಕಡಿಮೆಯಿರಲಿಲ್ಲವೆಂಬ ಕಥೆ ಜನಪ್ರಿಯವಾದುದು. ಅದರಲ್ಲಿಯ ಪವಾಡ ಹೇಗಾದರೂ ಇರಲಿ, ಭಂಡಾರದವನ ಮೇಲೆ ಸಂಶಯ ಬರುವುದು ಸಹಜವೆಂದೇ ಅಂದಿನ ಜನ ಭಾವಿಸಿದ್ದರೆಂಬುದು ಅದರಿಂದ ತಿಳಿದುಬರುತ್ತದೆ.

ಭೂಮಿಯೇ ಸಂಬಳ

ಆದಿಲಶಾಹಿ ಮತ್ತು ಮರಾಠರ ಕಾಲಕ್ಕೆ ಬರುವಷ್ಟರಲ್ಲಿ ಈ ವ್ಯವಸ್ಥೆ ಗಟ್ಟಿಯಾಗಿ ನೆಲೆಯೂರಿತ್ತು. ಊರಿಗೆ ಪಾಟೀಲ ಮತ್ತು ಕುಲಕರಣಿ. ಪರಗಣೆಗೆ ದೇಸಾಯಿ ಮತ್ತು ದೇಶಪಾಂಡೆ. ಪಾಟೀಲ, ದೇಸಾಯಿಗಳದು ಆಡಳಿತ. ಕುಲಕರಣಿ, ದೇಶಪಾಂಡೆಗಳದು ಲೆಕ್ಕ. ಕುಳ ಎಂದರೆ ಕಂದಾಯ ತೆರುವವನು, ಕರಣ ಎಂದರೆ ಲೆಕ್ಕ. ಹೀಗೆ ಕುಲಕರಣಿ ಎಂಬ ಪದವನ್ನು ಬಿಡಿಸುವುದುಂಟು. ಅವನ ಹುದ್ದೆಗೆ ವತನ ಎಂದು ಹೆಸರು. ಅರಬ್ಬಿಯಲ್ಲಿ ಈ ಪದಕ್ಕೆ ತಾಯ್ನೆಲ ಎಂಬ ಅರ್ಥವಿದೆ. ಹುದ್ದೆಯೊಂದಕ್ಕೆ ಇಂಥ ಹೆಸರು ಬಂದುದು ಸೋಜಿಗವೇನಲ್ಲ. ಅದು ನೌಕರಿಯಾಗಿರಲಿಲ್ಲ, ಆಸ್ತಿಯಾಗಿತ್ತು.

ವತನದಾರನ ಗಳಿಕೆ ಮೂರು ಬಗೆಯದು. ಮೊದಲನೆಯದು ಇನಾಮು ಹೊಲ. ಇದಕ್ಕೆ ಪೂರ್ತಿ ಕಂದಾಯವಿಲ್ಲ, ಇದ್ದರೂ ಅಲ್ಪ. ಎರಡನೆಯದು ಹಕ್ಕು, ಸುಗ್ಗಿಯಲ್ಲಿ ರಾಶಿಯಿಂದ ಇಷ್ಟು ಕಾಳು, ಕಂದಾಯದಲ್ಲಿ ಇಷ್ಟು ಪಾಲು. ಮೂರನೆಯದು ಯಾವ ಸನದಿನಲ್ಲೂ ಬರೆಯದಿದ್ದದ್ದು. ಮರಾಠರ ಕಾಲದಿಂದ ಊರಿನ ಲೆಕ್ಕವೆಲ್ಲ ಮೋಡಿ ಲಿಪಿಯಲ್ಲಿ, ಮರಾಠಿಯಲ್ಲಿ. ಕನ್ನಡ ಮಾತನಾಡುವ ರೈತನಿಗೆ ತನ್ನ ಹೆಸರಿನ ಮುಂದೆ ಎಷ್ಟು ಬಾಕಿ ಬರೆದಿದೆ ಎಂಬುದನ್ನು ಕುಲಕರಣಿಯ ಬಾಯಿಂದಲೇ ಕೇಳಬೇಕು. ಆ ಅಜ್ಞಾನಕ್ಕೂ ಒಂದು ಬೆಲೆಯಿತ್ತು. ಅದನ್ನು ರೈತನೇ ತೆರುತ್ತಿದ್ದ.

ಎಲ್ಲಕ್ಕಿಂತ ಮುಖ್ಯವಾದದ್ದು ಈ ಗಳಿಕೆಗೆ ನಿವೃತ್ತಿಯೇ ಇಲ್ಲದಿದ್ದುದು. ತಂದೆಯ ನಂತರ ಮಗ, ಮಗನ ನಂತರ ಮೊಮ್ಮಗ. ಇಂದಿನ ಲೆಕ್ಕದಲ್ಲಿ ಒಬ್ಬನ ವೃತ್ತಿಜೀವನ ಮೂವತ್ತು-ಮೂವತ್ತೈದು ವರ್ಷ. ವತನದ ಲೆಕ್ಕದಲ್ಲಿ ಅದು ಏಳೆಂಟು ತಲೆಮಾರು. ಆದ್ದರಿಂದ ಕುಲಕರಣಿಯ ಒಂದು ವರ್ಷದ ಆದಾಯವನ್ನು ಇಂದಿನ ನೌಕರನ ವರ್ಷದ ಸಂಬಳದ ಎದುರು ಇಡುವುದು ಸರಿಯಾದ ಹೋಲಿಕೆಯಲ್ಲ.

ಹಾಗೆಂದು ವತನ ಅಕ್ಷಯಪಾತ್ರೆಯೇನೂ ಆಗಿರಲಿಲ್ಲ. ಮಕ್ಕಳು ಹೆಚ್ಚಿದಂತೆ ಹೊಲ ಪಾಲಾಗುತ್ತಿತ್ತು. ಕೆಲಸ ಮಾತ್ರ ಒಬ್ಬನೇ ಮಾಡಬೇಕು. ಕೆಲವೆಡೆ ಅಣ್ಣತಮ್ಮಂದಿರು ಪಾಳಿಯ ಮೇಲೆ ವರ್ಷಕ್ಕೊಬ್ಬರಂತೆ ಲೆಕ್ಕ ಬರೆದರು. ಕೆಲವರು ಮುತಾಲಿಕನನ್ನೋ ಗುಮಾಸ್ತನನ್ನೋ ಇಟ್ಟು ತಾವು ಪಟ್ಟಣ ಸೇರಿದರು. ಹೀಗೆ ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ವತನದ ಫಲ ಉಣ್ಣುವವರು ಒಂದು ಹಿಂಡು, ಕಡತ ಹಿಡಿದು ಚಾವಡಿಯಲ್ಲಿ ಕೂಡುವವನು ಒಬ್ಬ, ಅವನಿಗೆ ಸಿಕ್ಕುವುದು ಚೂರು ಎಂಬ ಸ್ಥಿತಿ ಬಂತು.

ಶೇಕಡಾವಾರಿ ಲೆಕ್ಕ

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಸೀಮೆ ಕಂಪನಿಯ ಕೈಸೇರಿತು. ಬೆಳಗಾವಿಯ ಕೋಟೆಯನ್ನು ಹಿಡಿದವನು ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರ್ ಆದ ಆತ, ಭಾರತೀಯ ನೌಕರರಿಗೆ ಅಲ್ಪ ಸಂಬಳ ಕೊಟ್ಟು ಅವರಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಸಲ್ಲದೆಂದು ವಾದಿಸಿದವನು. ಅವನಿಗೆ ಮೊದಲೇ ಬಂಗಾಲದಲ್ಲಿ ಕಾರ್ನ್‌ವಾಲಿಸನು ಇದೇ ತತ್ವವನ್ನು ತನ್ನ ದೇಶದವರಿಗೆ ಅನ್ವಯಿಸಿದ್ದ. ಬಿಳಿಯ ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ ಸಂಬಳ, ಮೇಲೆ ಸಂಗ್ರಹವಾದ ಕಂದಾಯದಲ್ಲಿ ಸರಾಸರಿ ಶೇಕಡಾ 1ರಷ್ಟು ಕಮಿಷನ್ ಗೊತ್ತುಮಾಡಿ, ಖಾಸಗಿ ವ್ಯಾಪಾರವನ್ನು ನಿಲ್ಲಿಸಿದ. ಕೆಳಗಿನ ಭಾರತೀಯ ನೌಕರನಿಗೆ ಆ ಭಾಗ್ಯ ಬರಲಿಲ್ಲ.

ಹಳ್ಳಿಯಲ್ಲಿ ಬದಲಾವಣೆ ಮೆಲ್ಲಗೆ ಆಯಿತು. 1840ರ ದಶಕದಲ್ಲಿ ವಿಂಗೇಟನ ನೇತೃತ್ವದಲ್ಲಿ ದಕ್ಷಿಣ ಮರಾಠಾ ಪ್ರದೇಶದ ಮೋಜಣಿ ಆರಂಭವಾಯಿತು. ಒಂದೊಂದು ಹೊಲಕ್ಕೂ ಸರ್ವೆ ನಂಬರು ಬಿತ್ತು, ಆಕಾರ ಗೊತ್ತಾಯಿತು. ಅಲ್ಲಿಯವರೆಗೆ ಯಾವ ಹೊಲ ಯಾರದು, ತೆರಬೇಕಾದುದೆಷ್ಟು ಎಂಬುದು ಕುಲಕರಣಿಯ ಕಡತದಲ್ಲಿ ಮತ್ತು ನೆನಪಿನಲ್ಲಿತ್ತು. ಈಗ ಅದು ಸರಕಾರದ ನಕ್ಷೆಗೆ ಏರಿತು. ರಾಶಿಯ ಕಾಳಿನ ಹಕ್ಕುಗಳ ಬದಲು ಊರಿನ ಕಂದಾಯದ ಗಾತ್ರಕ್ಕೆ ತಕ್ಕಂತೆ ನಗದು ಮೊಬಲಗು ನಿಗದಿಯಾಯಿತು. ಅಂದರೆ ಕಲೆಕ್ಟರನಂತೆ ಕುಲಕರಣಿಯೂ ಒಂದು ಬಗೆಯ ಶೇಕಡಾವಾರಿ ನೌಕರನಾದ. ದೊಡ್ಡ ಊರಿನ ಕುಲಕರಣಿಗೆ ಇದರಿಂದ ನಷ್ಟವಿಲ್ಲ. ಸಣ್ಣ ಊರಿನವನಿಗೆ ಹೊಟ್ಟೆ ತುಂಬುವಷ್ಟು ಬರುತ್ತಿರಲಿಲ್ಲ.

ಪರಗಣೆಯ ದೇಸಾಯಿ-ದೇಶಪಾಂಡೆಗಳಿಗೆ 1860ರ ದಶಕದ ಗಾರ್ಡನ್ ಒಪ್ಪಂದ ಸೇವೆಯಿಂದ ಬಿಡುಗಡೆ ಕೊಟ್ಟಿತು. ಆದಾಯದಲ್ಲಿ ಒಂದು ಪಾಲನ್ನು ಸರಕಾರಕ್ಕೆ ಬಿಟ್ಟುಕೊಟ್ಟು ಉಳಿದುದನ್ನು ಅವರು ಕೆಲಸವಿಲ್ಲದೆಯೇ ಅನುಭವಿಸಬಹುದಾಯಿತು. ಊರಿನ ಕುಲಕರಣಿಯ ಕೆಲಸ ಮಾತ್ರ ತಪ್ಪಲಿಲ್ಲ. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ವತನದಾರರಲ್ಲಿ ಕೆಲಸಕ್ಕೆ ಹೊಣೆಯಾದ ಪ್ರತಿನಿಧಿಯನ್ನು ಗುರುತಿಸಿ, ವತನದ ಒಂದು ಭಾಗ ನಿಜವಾಗಿ ಕೆಲಸ ಮಾಡುವವನಿಗೆ ಸಲ್ಲುವಂತೆ ಮಾಡಿತು. ಆಸ್ತಿ ಬೇರೆ, ಕೂಲಿ ಬೇರೆ ಎಂಬ ಭೇದ ಕಾನೂನಿನಲ್ಲಿ ಮೂಡಿದ್ದು ಹೀಗೆ.

ಕೊಲ್ಹಾಪುರದ 1918

ಚಿಕ್ಕೋಡಿ, ಅಥಣಿಗಳು ಬ್ರಿಟಿಷ್ ಬೆಳಗಾವಿ ಜಿಲ್ಲೆಯಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಛತ್ರಪತಿ ಶಾಹೂ ಮಹಾರಾಜರು 1902ರಲ್ಲಿಯೇ ಸರಕಾರಿ ನೌಕರಿಗಳಲ್ಲಿ ಅರ್ಧ ಭಾಗವನ್ನು ಹಿಂದುಳಿದವರಿಗೆ ಕಾಯ್ದಿರಿಸಿದ್ದರು. ಆದರೆ ಹಳ್ಳಿಯ ಲೆಕ್ಕದ ಹುದ್ದೆಗೆ ಯಾವ ಮೀಸಲಾತಿಯೂ ತಗಲುವಂತಿರಲಿಲ್ಲ, ಏಕೆಂದರೆ ಅದು ಖಾಲಿಯಾಗುತ್ತಲೇ ಇರಲಿಲ್ಲ. 1918ರಲ್ಲಿ ಅವರು ಕುಲಕರಣಿ ವತನವನ್ನೇ ರದ್ದುಪಡಿಸಿ, ಆ ಸ್ಥಾನದಲ್ಲಿ ಸಂಬಳದ ತಲಾಠಿಗಳನ್ನು ನೇಮಿಸಿದರು. ಅಸ್ಪೃಶ್ಯರೆನಿಸಿದ್ದ ಸಮುದಾಯಗಳ ಕೆಲವರಿಗೂ ಆ ಹುದ್ದೆ ದೊರೆಯಿತು.

ಇದು ದೊಡ್ಡ ವಿರೋಧಕ್ಕೆ ಕಾರಣವಾಯಿತು. ಬಹುಮಟ್ಟಿಗೆ ಬ್ರಾಹ್ಮಣರೇ ಆಗಿದ್ದ ಕುಲಕರಣಿಗಳ ದೃಷ್ಟಿಯಲ್ಲಿ ಇದು ಪೂರ್ವಜರಿಗೆ ಸನದಿನ ಮೂಲಕ ಬಂದ ಆಸ್ತಿಯ ಹರಣ. ಸಂಸ್ಥಾನದ ದೃಷ್ಟಿಯಲ್ಲಿ ಅದು ಸಾರ್ವಜನಿಕ ಹುದ್ದೆಯನ್ನು ಒಂದು ಮನೆತನದ ಕೈಯಿಂದ ಬಿಡಿಸುವ ಕೆಲಸ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಲಾಠಿಗೆ ಗೊತ್ತಾದ ಪಗಾರ ವತನದ ಆದಾಯಕ್ಕೆ ಸಮನಾಗಿರಲಿಲ್ಲ. ಹಾಗಿರಬೇಕೆಂಬ ಉದ್ದೇಶವೂ ಇರಲಿಲ್ಲ. ಆದರೆ ಪಗಾರದ ಹುದ್ದೆಗೆ ಅರ್ಹತೆ ನೋಡಿ ಯಾರನ್ನಾದರೂ ನೇಮಿಸಬಹುದು, ವರ್ಗ ಮಾಡಬಹುದು, ತಪ್ಪಿದರೆ ತೆಗೆಯಬಹುದು. ವತನಕ್ಕೆ ಇದಾವುದೂ ಸಲ್ಲದು. ಪೆನ್ನು-ಪುಸ್ತಕ ಮುಟ್ಟಬಾರದವನೆಂದು ದೂರವಿಟ್ಟಿದ್ದ ಮನೆಯ ಹುಡುಗ ಚಾವಡಿಯಲ್ಲಿ ಕುಳಿತು ಊರಿನ ಲೆಕ್ಕ ಬರೆಯುವುದು ಸಾಧ್ಯವಾದದ್ದು ಆ ಹುದ್ದೆ ಪಗಾರದ ಹುದ್ದೆಯಾದದ್ದರಿಂದ.

1949ರಲ್ಲಿ ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ರಾಯಬಾಗ ಬೆಳಗಾವಿ ಜಿಲ್ಲೆಯನ್ನು ಸೇರಿತು. ಮುಂಬಯಿ ಪರಗಣಾ ಮತ್ತು ಕುಲಕರಣಿ ವತನ ರದ್ದತಿ ಕಾಯಿದೆ 1950ರಲ್ಲಿ ಬಂದು 1951ರ ಮೇ 1ರಿಂದ ಜಾರಿಯಾಯಿತು. ವತನ ಭೂಮಿ ಸರಕಾರಕ್ಕೆ ಸೇರಿ, ಆಕಾರದ ಹಲವು ಪಟ್ಟು ಹಣ ಕಟ್ಟಿದವರಿಗೆ ಮರುಮಂಜೂರಾಯಿತು. ರಾಜ್ಯ ಪುನರ್ವಿಂಗಡಣೆಯ ನಂತರ 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು, ಹಳೇ ಮೈಸೂರಿನ ಶಾನುಭೋಗಿಕೆಯೂ ಪಟೇಲಿಕೆಯೂ ಕೊನೆಗೊಂಡವು. ಉಳುವವನೇ ಹೊಲದೊಡೆಯ ಎಂಬ 1974ರ ತಿದ್ದುಪಡಿಯಿಂದ, ಊರು ಬಿಟ್ಟಿದ್ದ ಅನೇಕ ವತನದಾರ ಮನೆತನಗಳ ಹೊಲ ಗೇಣಿದಾರರ ಪಾಲಾಯಿತು. ಲೆಕ್ಕದ ವಿದ್ಯೆ ಮಾತ್ರ ಅವರ ಕೈಬಿಡಲಿಲ್ಲ. ಬ್ಯಾಂಕು, ರೈಲ್ವೆ, ಕಚೇರಿಗಳತ್ತ ಆ ಮನೆಗಳ ಮಕ್ಕಳು ನಡೆದರು. ಕುಲಕರಣಿ, ದೇಶಪಾಂಡೆ, ಮುತಾಲಿಕ, ಪೋತದಾರ ಎಂಬ ಅಡ್ಡಹೆಸರುಗಳಲ್ಲಿ ಹಳೆಯ ಹುದ್ದೆಗಳು ಇಂದಿಗೂ ಉಳಿದುಕೊಂಡಿವೆ.

ಪೇಟೆಯ ಲೆಕ್ಕಿಗರು

ಸರಕಾರದ ಹೊರಗೆ ಲೆಕ್ಕಿಗನ ಗಳಿಕೆ ಬೇರೆ ಹಾದಿ ಹಿಡಿಯಿತು. ನಿಪ್ಪಾಣಿಯ ತಂಬಾಕು, ಸಂಕೇಶ್ವರದ ಮೆಣಸಿನಕಾಯಿ, ಗೋಕಾಕದ ಪೇಟೆ ಬೆಳೆದಂತೆ ಅಡತಿ ಅಂಗಡಿಗಳಲ್ಲಿ ದಿವಾಣಜಿಗಳಿಗೆ ಬೇಡಿಕೆ ಹುಟ್ಟಿತು. ಕಿರ್ದಿ, ಖತಾವಣಿ ಬರೆದು ದಿನದ ಶಿಲ್ಕು ಹೊಂದಿಸುವುದು ಅವನ ಕೆಲಸ. ಪಗಾರ ಸಣ್ಣದು, ದೀಪಾವಳಿಯ ಪಾಡ್ಯಕ್ಕೆ ಹೊಸ ಖಾತೆಯ ಪೂಜೆಯಾದಾಗ ಒಂದಿಷ್ಟು ಖುಷಿ. ಸಾವಕಾರನ ಗುಟ್ಟೆಲ್ಲ ಅವನಿಗೆ ಗೊತ್ತಿರುವುದರಿಂದ ಅವನನ್ನು ಸುಲಭವಾಗಿ ಬಿಡಿಸುವಂತಿಲ್ಲ. ಅವನು ಬಿಟ್ಟುಹೋಗುವುದೂ ಸುಲಭವಲ್ಲ. ಸಹಕಾರಿ ಸಂಘದ ಕಾರ್ಯದರ್ಶಿಯ ಪಗಾರವಾದರೋ ಸಂಘದ ವ್ಯವಹಾರವನ್ನೇ ಅವಲಂಬಿಸಿದ್ದು. ಸಾಲ ವಸೂಲಾಗದ ವರ್ಷ ಅವನ ಪಗಾರವೂ ಬಾಕಿ.

ಇನ್ನೊಂದು ತುದಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. 1913ರ ಕಂಪನಿ ಕಾಯಿದೆ ಕಂಪನಿಗಳ ಲೆಕ್ಕ ತಪಾಸಣೆಯನ್ನು ಕಡ್ಡಾಯಮಾಡಿತು. 1918ರಲ್ಲಿ, ಅಂದರೆ ಕೊಲ್ಹಾಪುರದಲ್ಲಿ ವತನ ಹೋದ ವರ್ಷವೇ, ಮುಂಬಯಿಯಲ್ಲಿ ಲೆಕ್ಕಶಾಸ್ತ್ರದ ಸರಕಾರಿ ಡಿಪ್ಲೊಮಾ ಆರಂಭವಾಯಿತು. 1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಕಾನೂನಿನನ್ವಯ ಹುಟ್ಟಿತು. ಈ ವೃತ್ತಿಯಲ್ಲಿ ಆರಂಭದ ಗಳಿಕೆ ಅಲ್ಪ. ತರಬೇತಿಯ ಕಾಲದಲ್ಲಿ ಸಿಗುವುದು ಸ್ಟೈಪೆಂಡ್ ಮಾತ್ರ; ಅದರ ಕನಿಷ್ಠ ಮೊತ್ತವೂ ಊರಿನ ಜನಸಂಖ್ಯೆಯನ್ನು ನೋಡಿ ಗೊತ್ತಾಗುವುದರಿಂದ ಸಣ್ಣ ಊರಿನ ವಿದ್ಯಾರ್ಥಿಗೆ ಕಡಿಮೆ. ಹಿಂದೆ ಇಂಗ್ಲೆಂಡಿನಲ್ಲಿ ಕಲಿಯುವವನೇ ಗುರುವಿಗೆ ದೊಡ್ಡ ಮೊತ್ತ ತೆತ್ತು ತರಬೇತಿಗೆ ಸೇರುವ ಪದ್ಧತಿಯಿತ್ತು. ಉಳ್ಳವರ ಮಕ್ಕಳೇ ಆ ವೃತ್ತಿ ಹಿಡಿಯಲು ಅದೊಂದು ಕಾರಣ. ಪರೀಕ್ಷೆ ದಾಟಿದವನ ಗಳಿಕೆ ಆಮೇಲೆ ವೇಗವಾಗಿ ಏರುತ್ತದೆ, ಅದಕ್ಕೆ ಮೇಲ್ಮಿತಿಯಿಲ್ಲ. ದಾಟದವನು ಕಳೆದುಕೊಂಡ ವರ್ಷಗಳು ಯಾವ ಸರಾಸರಿಯಲ್ಲೂ ಕಾಣುವುದಿಲ್ಲ.

ಸರಕಾರಿ ಲೆಕ್ಕದ ಶಿಖರದಲ್ಲಿರುವ ಮಹಾಲೇಖಪಾಲರಿಗೆ ಸಂವಿಧಾನದ ಎರಡನೆಯ ಅನುಸೂಚಿಯಲ್ಲಿ 4,000 ರೂಪಾಯಿ ಮಾಸಿಕ ವೇತನ ನಿಗದಿಯಾಗಿತ್ತು, ಸುಪ್ರೀಂ ಕೋರ್ಟಿನ ನ್ಯಾಯಾಧೀಶರಷ್ಟೇ. ಲೆಕ್ಕ ನೋಡುವವನು ಸರಕಾರದ ಹಂಗಿನಲ್ಲಿ ಇರಬಾರದೆಂಬ ವಿವೇಕ ಅದರಲ್ಲಿತ್ತು. ಹಳ್ಳಿಯ ಲೆಕ್ಕಿಗನ ವಿಷಯದಲ್ಲಿ ಈ ವಿವೇಕ ಅಷ್ಟಾಗಿ ಕೆಲಸ ಮಾಡಲಿಲ್ಲ.

ಉಳಿದ ಬಾಕಿ

ಕರ್ನಾಟಕ 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ನೇಮಕಕ್ಕೆ ಅರ್ಜಿ ಕರೆದಾಗ ವೇತನ ಶ್ರೇಣಿ 21,400ರಿಂದ 42,000 ರೂಪಾಯಿ. ಗ್ರಾಮ ಲೆಕ್ಕಾಧಿಕಾರಿಗೆ ಈಗಿನ ಹೆಸರು ಅದು. ಉತ್ತರ ಕರ್ನಾಟಕದ ಬಾಯಲ್ಲಿ ಅವನು ಈಗಲೂ ತಲಾಠಿಯೇ. ಅದೇ ವರ್ಷದ ಆಗಸ್ಟ್‌ನಿಂದ ಏಳನೆಯ ವೇತನ ಆಯೋಗದ ಪರಿಷ್ಕರಣೆ ಜಾರಿಯಾಗಿ ಮೂಲವೇತನ 34,100ಕ್ಕೆ ಏರಿತು. ರಾಜ್ಯದ ಅತ್ಯುಚ್ಚ ಶ್ರೇಣಿಯ ಕೊನೆಯ ಮೆಟ್ಟಿಲು 2,41,200. ಅಂತರ ಸುಮಾರು ಏಳು ಪಟ್ಟು. ಕೌಟಿಲ್ಯನ 96 ಪಟ್ಟಿನ ಎದುರು ಇದು ದೊಡ್ಡ ಸಮತೆಯೇ ಸರಿ. ಆದರೆ 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಪಿಂಚಣಿ ಅನ್ವಯಿಸಿತು. ಏಳೆಂಟು ತಲೆಮಾರಿನ ಭರವಸೆಯಾಗಿದ್ದ ಹುದ್ದೆ ಒಂದು ತಲೆಮಾರಿನ ಸಂಬಳಕ್ಕೆ, ಆಮೇಲೆ ಅನಿಶ್ಚಿತ ಪಿಂಚಣಿಗೆ ಇಳಿದು ಬಂದಿದೆ.

ಕುಲಕರಣಿಯ ಮೂರನೆಯ ಗಳಿಕೆ, ಸನದಿನಲ್ಲಿ ಬರೆಯದಿದ್ದದ್ದು, ವತನದೊಡನೆ ರದ್ದಾಗಲಿಲ್ಲ. ದಾಖಲೆ ಯಾರ ಕೈಯಲ್ಲಿದೆಯೋ ಅವನಿಗೆ ಅದು ಸಲ್ಲುತ್ತಲೇ ಬಂತು. ಕೈಬರಹದ ಪಹಣಿ ತಲಾಠಿಯ ದಫ್ತರದಲ್ಲಿದ್ದ ಕಾಲದಲ್ಲಿ ಒಂದು ಉತಾರಕ್ಕೆ ರೈತ 100ರಿಂದ 2,000 ರೂಪಾಯಿವರೆಗೆ ಲಂಚ ತೆರಬೇಕಾಗುತ್ತಿತ್ತೆಂದು ಭೂಮಿ ಯೋಜನೆಯ ಕುರಿತ ಅಧ್ಯಯನಗಳು ದಾಖಲಿಸಿವೆ. 2000ದ ಆಸುಪಾಸಿನಲ್ಲಿ ಆ ಯೋಜನೆಯಡಿ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಉತಾರ ಸಿಗುವಂತಾಯಿತು. ಕೈಬರಹದ ಉತಾರ ಅಸಿಂಧುವಾಯಿತು. ತಲಾಠಿಯ ಪಗಾರದಲ್ಲಿ ಒಂದು ಪೈಸೆಯೂ ಬದಲಾಗದೆ ಅವನ ಹುದ್ದೆಯ ಬೆಲೆ ಬದಲಾದ ಗಳಿಗೆ ಅದು. ಮೋಜಣಿಯ ನಕ್ಷೆ ಕುಲಕರಣಿಗೆ ಮಾಡಿದ್ದನ್ನು ಕಂಪ್ಯೂಟರು ತಲಾಠಿಗೆ ಮಾಡಿತು.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಹತ್ತಾರು ಮೊಬೈಲ್ ಆ್ಯಪ್‌ಗಳಲ್ಲಿ ಮಾಹಿತಿ ತುಂಬುವ ಒತ್ತಡ, ಕೂರಲು ಸರಿಯಾದ ಕಚೇರಿಯಿಲ್ಲ, ಸಲಕರಣೆಯಿಲ್ಲ ಎಂಬುದು ಅವರ ದೂರು. ಹುದ್ದೆಯ ಹಳೆಯ ವೈಭವವನ್ನಷ್ಟೇ ಕೇಳಿ ಬಲ್ಲವರಿಗೆ ಇದು ನಂಬಲಾಗದ ಮಾತೆನಿಸೀತು. ಕೆಲಸ ಹೆಚ್ಚುತ್ತ ಹೋಗಿ ಅದಕ್ಕೆ ತಕ್ಕ ಖರ್ಚನ್ನು ಸರಕಾರ ಹೊರದಿದ್ದರೆ ಅದು ಬೇರೆ ಯಾರ ಮೇಲಾದರೂ ಬೀಳಲೇಬೇಕು. ಪ್ರಾಮಾಣಿಕ ನೌಕರನಾದರೆ ಅವನ ಸ್ವಂತ ಕಿಸೆಯ ಮೇಲೆ. ಇಲ್ಲವಾದರೆ ಎದುರು ನಿಂತ ರೈತನ ಮೇಲೆ.

ಯಾವ ಲೆಕ್ಕಿಗನ ಗಳಿಕೆ ಹೆಚ್ಚು ಎಂಬ ಪ್ರಶ್ನೆಗೆ ಚಾರ್ಟರ್ಡ್ ಅಕೌಂಟೆಂಟ್ ಎಂದೋ ಸರಕಾರಿ ನೌಕರ ಎಂದೋ ಇಂದು ಉತ್ತರ ಹೇಳಬಹುದು. ಮುಗಳಖೋಡದ ಎರಡೆಕರೆ ಹೊಲದವನಿಗೆ ಮುಖ್ಯವಾದದ್ದು ಬೇರೆಯೇ ಪ್ರಶ್ನೆ. ಲೆಕ್ಕ ಬರೆಯುವವನಿಗೆ ಸರಕಾರವೂ ಸಂಘವೂ ಸಾವಕಾರನೂ ಕೊಡದೆ ಉಳಿಸಿದ ಬಾಕಿಯನ್ನು ತಾನು ಎಷ್ಟು ತುಂಬಬೇಕು? ಭೂಮಿ ಕೊಟ್ಟ ಕಾಲದಲ್ಲೂ ನಗದು ಕೊಟ್ಟ ಕಾಲದಲ್ಲೂ ಅವನು ಆ ಬಾಕಿಯನ್ನು ತುಂಬುತ್ತಲೇ ಬಂದಿದ್ದಾನೆ. ಅದು ಕಡಿಮೆಯಾದದ್ದು ದಾಖಲೆ ಅವನ ಕಣ್ಣಿಗೆ ಬಿದ್ದಾಗ ಮಾತ್ರ.